ಒಂದು ಕೈ ಅಜ್ಜಿಗೆ, ಒಂದು ಕೈ ನಮಗೆ

ಟೇಪು ಅಂಟುತ್ತಿರಲಿಲ್ಲ. ಆ ಬೇಸಿಗೆಯ ಕೆಲಸವನ್ನು ಯಾರಾದರೂ ಕೆದಕಿದರೆ ನನಗೆ ಮೊದಲು ನೆನಪಾಗುವುದು ಅದೇ. ಮಗುವಿನ ಮುಂದೋಳಿನ ಮೇಲೆ ಗುಂಡಗಿನ ಅಂಟುಬಿಲ್ಲೆಯೊಂದನ್ನು ಇಡಬೇಕು, ಸ್ಪ್ರಿಂಗ್ ಇರುವ ಒತ್ತುಗೋಲಿನಿಂದ ಪ್ರತಿಸಲವೂ ಒಂದೇ ಸಮನಾಗಿ ಒತ್ತಬೇಕು, ಆಮೇಲೆ ಚಿಮುಟದಲ್ಲಿ ಹಿಡಿದು ಒಂದೇ ಎಳೆತಕ್ಕೆ ತೆಗೆಯಬೇಕು. ಚರ್ಮದ ಅತಿ ಮೇಲಿನ ಪದರ, ಕಣ್ಣಿಗೆ ಕಂಡೂ ಕಾಣದಷ್ಟು, ಬಿಲ್ಲೆಗೆ ಹತ್ತಿಕೊಂಡು ಬರುತ್ತದೆ. ಹಣೆಯಿಂದ ಸ್ಟಿಕ್ಕರ್ ಬೊಟ್ಟು ಕಿತ್ತಷ್ಟೇ. ಮಕ್ಕಳು ನಗುತ್ತಾರೆಯೇ ಹೊರತು ಅಳುವುದಿಲ್ಲ. ಮೊದಲಿನ ಒಂದೆರಡನ್ನು ಬಿಸಾಡಿ, ನಂತರದವನ್ನು ಪುಟ್ಟ ಶೀಷೆಗಳಿಗೆ ಹಾಕಿ, ಐಸ್ ಪೆಟ್ಟಿಗೆಯಲ್ಲಿಟ್ಟು ಮೈಸೂರಿಗೆ ಒಯ್ಯುವುದು ನನ್ನ ಪಾಲಿನ ಕೆಲಸ. ಇಷ್ಟು ಸರಳವಾದದ್ದನ್ನು ಮಾಡಲಾಗದೆ ನಾನು ಬಿಲ್ಲೆಯ ಮೇಲೆ ಬಿಲ್ಲೆ ಹಾಳು ಮಾಡುತ್ತ ಕೂತಿದ್ದೆ.

ನಾನಾಗ ಮೈಸೂರಿನ ಒಂದು ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಸಂಶೋಧನಾ ಸಹಾಯಕಿ. ಹುಟ್ಟಿದ್ದು ಹೆಡತಲೆ ಹಳ್ಳಿ, ಮನೆ ನಂಜನಗೂಡು. ಹಾಗಾಗಿ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕಿನ ಹಳ್ಳಿಗಳೆಲ್ಲ ನನ್ನ ತಲೆಗೆ ಬಂದವು. ಈ ಅಧ್ಯಯನ ನಡೆಸುತ್ತಿದ್ದ ನಮ್ಮ ಡಾಕ್ಟರಮ್ಮನಿಗೆ ತಿಳಿಯಬೇಕಿದ್ದದ್ದು ಒಂದೇ ವಿಷಯ: ಇಸುಬು ಇರುವ ಈ ಕಡೆಯ ಮಕ್ಕಳ ಚರ್ಮದಲ್ಲಿ ಫಿಲಾಗ್ರಿನ್ ಎಂಬ ಪ್ರೋಟೀನು ಎಷ್ಟಿದೆ. ಈ ಪ್ರೋಟೀನು ಚರ್ಮದ ಜೀವಕೋಶಗಳೊಳಗಿನ ಎಳೆಗಳನ್ನು ಸೇರಿಸಿ ಬಿಗಿಯುತ್ತದೆ, ಕೋಶಗಳನ್ನು ಚಪ್ಪಟೆ ಮಾಡಿ ಒತ್ತಾಗಿ ಕೂರಿಸುತ್ತದೆ. ಆ ಕೆಲಸ ಮುಗಿದ ಮೇಲೆ ತಾನೇ ಚೂರುಚೂರಾಗಿ, ನೀರನ್ನು ಹಿಡಿದಿಡುವ ಸಣ್ಣ ಸಣ್ಣ ಆಮ್ಲಗಳಾಗುತ್ತದೆ. ಇದು ಕಡಿಮೆ ಬಿದ್ದರೆ ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಸೋಪು, ಕ್ರಿಮಿ ಒಳಗೆ ಬರುತ್ತವೆ. ಆಮೇಲೆ ಕಡಿತ, ಕೆರೆತ, ಉರಿ, ನಿದ್ದೆಯಿಲ್ಲದ ಮಗು. ಬಿಲ್ಲೆಯ ಮೇಲಿನ ಪುಡಿಯಲ್ಲಿ ಆ ಆಮ್ಲಗಳನ್ನು ಅಳೆದರೆ ಪ್ರೋಟೀನಿನ ಅಂದಾಜು ಸಿಗುತ್ತದೆ. ಜೊತೆಗೆ ಚರ್ಮದಿಂದ ಆವಿಯಾಗಿ ಹೋಗುವ ನೀರನ್ನು ಅಳೆಯುವ ಒಂದು ಯಂತ್ರವೂ ನಮ್ಮ ಬಳಿ ಇತ್ತು.

ಆ ಯಂತ್ರದಷ್ಟು ನಾಜೂಕಿನ ವಸ್ತುವನ್ನು ನಾನು ಬೇರೆ ಕಂಡಿಲ್ಲ. ಗಾಳಿ ಬೀಸಬಾರದು, ಬೆವರಬಾರದು, ಬಿಸಿಲು ಏರಬಾರದು, ಮಗು ತೋಳು ಬಿಚ್ಚಿಕೊಂಡು ಒಂದಷ್ಟು ಹೊತ್ತು ಸುಮ್ಮನೆ ಕೂತಿರಬೇಕು. ನಂಜನಗೂಡು ತಾಲ್ಲೂಕಿನ ಕವಲಂದೆಯಲ್ಲಿ ಮೊದಲು ನಮಗೆ ಸಿಕ್ಕಿದ್ದು ಶೀಟು ಹೊದಿಸಿದ ಕೊಠಡಿ. ಫ್ಯಾನು ಹಾಕಿದರೆ ಗಾಳಿ, ನಿಲ್ಲಿಸಿದರೆ ಬೆವರು. ಅಂಕಿಗಳು ಕುಣಿದಾಡುತ್ತಿದ್ದವು. ಡಾಕ್ಟರು ಅವನ್ನೆಲ್ಲ ನೋಡಿ ಕನ್ನಡಕ ತೆಗೆದು, "ಇದು ಮಗುವಿನ ಚರ್ಮದ ಅಳತೆಯಲ್ಲಮ್ಮ, ಕವಲಂದೆಯ ಹವಾ ವರ್ತಮಾನ" ಎಂದರು. ನನಗೆ ಅಳು ಬರುವ ಬದಲು ಸಿಟ್ಟು ಬಂತು. ನನಗೆ ಬರುವುದು ಸಾಧಾರಣವಾಗಿ ಅದೇ.

ದಾರಿ ತೋರಿಸಿದವರು ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಆಶಾ ಕಾರ್ಯಕರ್ತೆ. ನನಗಿಂತ ಸ್ವಲ್ಪ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ.

"ತಂಪಾಗಿರ್ಬೇಕು, ಗಾಳಿ ನುಗ್ಬಾರ್ದು, ಅಷ್ಟೇ ತಾನೇ ಮೇಡಂ?" ಎಂದರು ಅಕ್ಕ. "ನಮ್ ದೊಡ್ಡಮ್ಮನ ಉಳದ ಮನೆ ಕಾಲಿ ಅದೆ. ಮುಂದಿನ್ ಬೆಳೆಗೆ ಚಾಕಿ ತರೋಗಂಟ ಯಾರೂ ಒಳೀಕೆ ಓಗಾಕಿಲ್ಲ. ಕೇಳ್ ನೋಡಾನ ಬನ್ನಿ."

ರೇಷ್ಮೆ ಹುಳು ಸಾಕುವ ಮನೆ. ಇಷ್ಟು ದಿನ ನನಗೇ ಏಕೆ ಹೊಳೆಯಲಿಲ್ಲವೋ. ಹುಳುವಿಗೂ ನಮ್ಮ ಯಂತ್ರಕ್ಕೂ ಒಂದೇ ಸ್ವಭಾವ: ಸೆಕೆ ಆಗದು, ಗಾಳಿ ಆಗದು, ವಾಸನೆಯೂ ಆಗದು. ದಪ್ಪ ಮಣ್ಣಿನ ಗೋಡೆ, ಹೆಂಚಿನ ಕೆಳಗೆ ಗರಿಯ ತಡಿಕೆ, ಮೇಲ್ಗಡೆ ಸಣ್ಣ ಕಿಂಡಿಗಳು, ಸುತ್ತ ಹೊಂಗೆ ಮರದ ನೆರಳು. ಒಳಗೆ ಕಾಲಿಟ್ಟಾಗ ಹಳೆಯ ಹಿಪ್ಪುನೇರಳೆ ಸೊಪ್ಪಿನ ವಾಸನೆಯೂ ಸುಣ್ಣದ ವಾಸನೆಯೂ ಒಟ್ಟಿಗೆ ಬಂದು ಹೊಡೆದವು. ಈಗಲೂ ಎಲ್ಲಾದರೂ ಹೊಸದಾಗಿ ಸುಣ್ಣ ಬಳಿದ ಗೋಡೆಯ ಪಕ್ಕ ಹಾದರೆ ನನಗೆ ಆ ಮನೆಯ ಜ್ಞಾಪಕ ಬಂದು ಒಂದು ಗಳಿಗೆ ನಿಲ್ಲುತ್ತೇನೆ.

ಆ ಮನೆಯ ಯಜಮಾನಿ ಅಕ್ಕನ ದೊಡ್ಡಮ್ಮ. ಊರಿಗೆಲ್ಲ ಅಜ್ಜಿ. ಎತ್ತರದ ಹೆಂಗಸು, ಎಲೆಯಡಿಕೆಯ ಬಾಯಿ, ಮಾತು ಕಡಿಮೆ, ಆದರೆ ಆಡಿದ್ದನ್ನು ಬದಲಾಯಿಸುವ ಅಭ್ಯಾಸವಿಲ್ಲ. ಷರತ್ತು ಎರಡು ಹಾಕಿದರು. ಚಾಕಿ ಹುಳ, ಅಂದರೆ ಇನ್ನೂ ಎಳೆಯ ಮರಿಗಳು, ಬರುವ ಮುಂಚೆ ಜಾಗ ಬಿಡಬೇಕು. ಯಾರೇ ಬರಲಿ, ಬಾಗಿಲಲ್ಲಿರುವ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲದ್ದಿಯೇ ಒಳಗೆ ಬರಬೇಕು.

"ಉಳ ಇಲ್ವಲ್ಲ ಅಜ್ಜಿ, ಈಗ್ಯಾಕೆ?" ಎಂದೆ.

"ಉಳ ಇಲ್ದೇ ಇದ್ರೂ ಮನೆ ಉಳದ್ದೇ ಕಣವ್ವ," ಎಂದರು ಅಜ್ಜಿ.

ಒಡೆದ ಪಾದದ ಮಕ್ಕಳಿಗೆ ಆ ನೀರು ಉರಿಯುತ್ತದೆಂದು ಡಾಕ್ಟರು ತುಂಬಾ ಹೊತ್ತು ವಾದ ಮಾಡಿ, ಮಕ್ಕಳಿಗೆ ಮಾತ್ರ ಬರೀ ನೀರು ಎಂಬ ರಿಯಾಯಿತಿ ಗಿಟ್ಟಿಸಿದರು. ನನಗೂ ಡಾಕ್ಟರಿಗೂ ರಿಯಾಯಿತಿ ಇರಲಿಲ್ಲ. ಎಂಡಿ ಮಾಡಿದ ಡಾಕ್ಟರು ಸೀರೆಯ ನಿರಿಗೆ ಎತ್ತಿ ಹಿಡಿದು, ದಿನವೂ ಆ ತೊಟ್ಟಿಯಲ್ಲಿ ಕಾಲದ್ದುವುದನ್ನು ನೋಡಲು ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಅಜ್ಜಿಯ ಮೊಮ್ಮಗಳೂ ನಮ್ಮ ಪರೀಕ್ಷೆಗೆ ಬರುವ ಮಕ್ಕಳಲ್ಲಿ ಒಬ್ಬಳು. ಐದು ವರ್ಷ. ಮೊಳಕೈ ಮಡಿಕೆ, ಮಂಡಿಯ ಹಿಂಭಾಗ, ಕುತ್ತಿಗೆ, ಎಲ್ಲ ಕಡೆ ಕೆರೆದು ಕೆರೆದು ಚರ್ಮ ದಪ್ಪಗಟ್ಟಿತ್ತು. ಅದಕ್ಕಿಂತ ಡಾಕ್ಟರನ್ನು ಕಾಡಿದ್ದು ಅವಳ ತೂಕ. ಅಕ್ಕ ಪ್ರತಿಸಲ ತಕ್ಕಡಿಯ ಮೇಲೆ ನಿಲ್ಲಿಸಿದಾಗಲೂ ಮುಳ್ಳು ಹಿಂದಿನ ಜಾಗದಲ್ಲೇ ನಿಲ್ಲುತ್ತಿತ್ತು. ಕಾರಣ ಪಥ್ಯ. ಮೈಯಲ್ಲಿ ನಂಜು ಇದೆ, ನಂಜಿನ ಪದಾರ್ಥ ಕೊಡಬಾರದು ಎಂದು ಅಜ್ಜಿ ಮೊಟ್ಟೆ, ಹಾಲು, ಮೀನು, ಬದನೆ, ಕಡಲೆಕಾಯಿ, ಅವರೆಕಾಳು, ಒಂದೊಂದನ್ನೇ ನಿಲ್ಲಿಸುತ್ತ ಬಂದಿದ್ದರು. ಉಳಿದದ್ದು ಅನ್ನ, ತಿಳಿಸಾರು, ಒಂದಿಷ್ಟು ಹೆಸರುಬೇಳೆ.

ಪಥ್ಯ ಮಗುವಿನೊಬ್ಬಳದೇ ಆಗಿರಲಿಲ್ಲ. ಬಸಿರಿಯಾಗಿದ್ದಾಗ ಸೊಸೆ ಬಾಯಿ ಕಟ್ಟಲಿಲ್ಲ, ತವರಿನಲ್ಲಿ ಮೀನು ಮೊಟ್ಟೆ ಎಂದು ಸಿಕ್ಕಿದ್ದೆಲ್ಲ ತಿಂದಳು, ಹಾಲಿನಲ್ಲಿ ನಂಜು ಇಳಿಯಿತು ಎಂಬುದು ಆ ಮನೆಯಲ್ಲಿ ತೀರ್ಮಾನವಾಗಿ ಹೋದ ಮಾತು. ಹಾಲು ಬಿಡಿಸಿ ವರ್ಷಗಳಾಗಿದ್ದರೂ ಸೊಸೆ ಅದೇ ಅನ್ನ, ಅದೇ ತಿಳಿಸಾರು ಉಣ್ಣುತ್ತಿದ್ದಳು. ಯಾರೂ ಉಣ್ಣು ಎಂದು ಹೇಳಿರಲಿಲ್ಲ, ಯಾರೂ ಬಿಡು ಎಂದೂ ಹೇಳಿರಲಿಲ್ಲ. ನನಗಿಂತ ಚಿಕ್ಕವಳು. ಅವಳ ತಟ್ಟೆ ನೋಡಿದ ದಿನ ನಾನು ತಂದಿದ್ದ ಊಟದ ಡಬ್ಬಿಯನ್ನು ಬಿಚ್ಚದೆಯೇ ವಾಪಸು ಒಯ್ದೆ.

ಮಗು ಮಾತ್ರ ಮಾತುಗಾರ್ತಿ. ಅಂಗನವಾಡಿಯಲ್ಲಿ ಮೊಟ್ಟೆ ಕೊಡುವ ದಿನ ಅವಳಿಗೆ ಬಾಳೆಹಣ್ಣು. ಪಕ್ಕದವರು ಸಿಪ್ಪೆ ಬಿಡಿಸುವುದನ್ನು ನೋಡುತ್ತ ಕೂರುತ್ತಿದ್ದಳಂತೆ. ಒಂದು ದಿನ ತೋಳು ಬಿಚ್ಚಿಕೊಂಡು ಯಂತ್ರದ ಮುಂದೆ ಕೂತಿದ್ದಾಗ ನನ್ನನ್ನು ಕೇಳಿದಳು: "ಮಿಸ್, ಮೊಟ್ಟೆ ಒಳಗೆ ಅಳ್ದಿ ಉಂಡೆ ಇರ್ತದಲ್ಲ, ಅದು ಸೀ ಇರ್ತದಾ?"

ಸಿಹಿಯೂ ಅಲ್ಲ, ಖಾರವೂ ಅಲ್ಲ ಎಂದೆ. ಹಾಗಾದರೆ ಏನು ಎಂದು ಕೇಳಿದಳು. 

ಆ ದಿನ ಅವಳ ಕೈ ಮೇಲೂ ಟೇಪು ಜಾರಿತು. ಒತ್ತಿದೆ, ಎಳೆದೆ, ಬಿಲ್ಲೆ ಬೋಳಾಗಿ ಬಂತು. ಮತ್ತೊಂದು, ಮಗದೊಂದು. ಯಂತ್ರ ಹಿಡಿದರೆ ಆ ಒಡಕು ಚರ್ಮ ನನ್ನ ಚರ್ಮಕ್ಕಿಂತ ಚೆನ್ನಾಗಿದೆ ಎಂದು ತೋರಿಸುತ್ತಿತ್ತು. ಹಿಂದಿನ ದಿನಗಳಲ್ಲಿ ಬಂದ ಬೇರೆ ಮಕ್ಕಳದೂ ಹಾಗೆಯೇ ಆಗಿತ್ತು. ನಾನು ಬಿಲ್ಲೆಯ ಪೊಟ್ಟಣವೇ ಕೆಟ್ಟಿದೆ ಎಂದುಕೊಂಡಿದ್ದೆ. ಈಗ ಬಿಲ್ಲೆಯನ್ನು ಮೂಗಿನ ಹತ್ತಿರ ಹಿಡಿದೆ. ಹರಳೆಣ್ಣೆ.

ಅಳತೆಗೆ ಬರುವ ಹಿಂದಿನ ದಿನದಿಂದ ಮೈಗೆ ಏನೂ ಹಚ್ಚಬಾರದು ಎಂದು ಪ್ರತಿ ಮನೆಗೂ ಹೋಗಿ ಹೇಳಿದ್ದೆವು. ಎಲ್ಲರೂ ತಲೆಯಾಡಿಸಿದ್ದರು. ನಾನು ತಾಯಿಯ ಮುಖ ನೋಡಿದೆ. ತಾಯಿ ಅತ್ತೆಯ ಮುಖ ನೋಡಿದಳು. ಅಜ್ಜಿ ಬಾಗಿಲಲ್ಲಿ ನಿಂತು ಸ್ವಲ್ಪವೂ ಅಳುಕದೆ ಹೇಳಿದರು:

"ನಾನೇ ಅಚ್ಚಿದ್ದು. ಅಚ್ದೆ ಇರ್ತಾರಾ? ಅತ್ತು ಜನ ಬರೋ ತಾವಿಗೆ ಮೊಗೀನ ಒಣಮೈಲಿ ಕಳಿಸಿದ್ರೆ ನೋಡ್ದೋರು ಏನಂತಾರೆ? ತಾಯಿ ಇಲ್ದಿರೋ ಮೊಗ ಅಂತಾರೆ ಕಣವ್ವ."

ಆಗ ಅರ್ಥವಾಯಿತು. ನಾವು 'ಡಾಕ್ಟರು ಬರುತ್ತಾರೆ, ಮಗುವನ್ನು ಕರೆದುಕೊಂಡು ಬನ್ನಿ' ಎಂದಷ್ಟೂ ಮನೆಯವರು ಬೆಳಿಗ್ಗೆಯೇ ಎದ್ದು, ಎಣ್ಣೆ ಬೆಚ್ಚಗೆ ಮಾಡಿ, ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಪೌಡರು ಹಾಕಿ ಕಳಿಸುತ್ತಿದ್ದರು. ಮಗುವಿನ ಮೈ ಮಿರುಗುವುದು ಮನೆಯ ಮರ್ಯಾದೆ. ಹಚ್ಚಬೇಡಿ ಎಂದು ನಾವು ಹೇಳಿದ್ದು ಅವರ ಕಿವಿಗೆ ಹರಕು ಬಟ್ಟೆ ಹಾಕಿ ಕಳಿಸಿ ಎಂದ ಹಾಗೆ ಕೇಳಿಸಿತ್ತು. ಎಣ್ಣೆ ಕಾಣದಿರಲಿ ಎಂದು ಒರೆಸಿ ಕಳಿಸುವಷ್ಟು ಉಪಕಾರ ಮಾತ್ರ ನಮಗೆ ಮಾಡಿದ್ದರು.

ಇದೆಲ್ಲ ಅರ್ಥವಾದದ್ದು ಸರಿ, ಆದರೆ ಅಷ್ಟರಲ್ಲಿ ನನ್ನ ಬಾಯಿ ಮುಂದೆ ಓಡಿತ್ತು. ಇಷ್ಟು ದಿನದ ಕೆಲಸ ನೀರಿಗೆ ಹೋಯಿತು, ಇನ್ನು ಎಣ್ಣೆ ಹಚ್ಚಿದ ಮಗುವನ್ನು ಒಳಗೆ ಬಿಡುವುದಿಲ್ಲ ಎಂದುಬಿಟ್ಟೆ. ಅಜ್ಜಿ ಮಗುವನ್ನು ಕಂಕುಳಿಗೆ ಎತ್ತಿಕೊಂಡು ಹೋದರು. ಮಾರನೆಯ ದಿನ ಹುಳದ ಮನೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಯಂತ್ರ, ನಾನು, ಗೋಡೆಗೆ ಒರಗಿಸಿಟ್ಟ ಬಿದಿರಿನ ತಟ್ಟೆಗಳು. ಅದರ ಮರುದಿನವೂ ಹಾಗೆಯೇ.

ಡಾಕ್ಟರು ಬೈಯಲಿಲ್ಲ. ಹೊಂಗೆ ಮರದ ಕೆಳಗೆ ಕೂತು, ನಂಜನಗೂಡಿನಿಂದ ನಾನು ತಂದಿದ್ದ ಉಪ್ಪಿಟ್ಟು ತಿನ್ನುತ್ತ ಬಹಳ ಹೊತ್ತು ಯೋಚನೆ ಮಾಡಿದರು. ಎಣ್ಣೆ ಇದ್ದರೆ ಅಳತೆ ಸುಳ್ಳು. ಎಣ್ಣೆ ಬೇಡವೆಂದರೆ ಮಗುವೇ ಇಲ್ಲ. ಬೇರೆ ಊರಿಗೆ ಹೋದರೂ ಇದೇ ಅಜ್ಜಿಯರು, ಇದೇ ಎಣ್ಣೆ. ಚಾಕಿ ಬರುವವರೆಗೆ ನಮಗಿದ್ದ ಸಮಯವೂ ಕರಗುತ್ತಿತ್ತು.

"ಮೇಡಂ, ಮಗುವಿಗೆ ಕೈ ಎರಡು ಇವೆಯಲ್ಲ," ಎಂದೆ. ದೊಡ್ಡ ಆಲೋಚನೆಯೇನಲ್ಲ, ಸೋತು ಹೇಳಿದ ಮಾತು. "ಒಂದು ಅಜ್ಜಿಗೆ ಬಿಟ್ಟುಬಿಡೋಣ. ಒಂದು ನಮಗೆ ಕೊಡಲಿ."

ಡಾಕ್ಟರು ಚಮಚ ಕೆಳಗಿಟ್ಟರು. ಎರಡು ಕೈಗಳನ್ನೂ ಅಳೆದರೆ ಎಣ್ಣೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದೂ ತಿಳಿಯುತ್ತದಲ್ಲ ಎಂದರು. ಎಣ್ಣೆ ಕೈಯಿಂದ ಟೇಪು ತೆಗೆಯುವ ಮೊದಲು ಹೇಗೆ ಒರೆಸಬೇಕು, ಜಾರುವ ಬಿಲ್ಲೆಗಳನ್ನು ಎಷ್ಟರವರೆಗೆ ಬಿಡಬೇಕು ಎಂದು ನನ್ನ ಕೈ ಮೇಲೆಯೇ ಪ್ರಯೋಗ ಮಾಡಿದೆವು. ಬದಲಾವಣೆಗೆ ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕಿತ್ತು. ಅದು ಬರುವವರೆಗೆ ನಾನು ಉಗುರು ಕಚ್ಚುತ್ತ ಕಾದೆ. ಒಪ್ಪಿಗೆ ಬಂದ ಮೇಲೆ ಅಕ್ಕನನ್ನು ಮುಂದಿಟ್ಟುಕೊಂಡು ಅಜ್ಜಿಯ ಜಗಲಿಯಲ್ಲಿ ಹೋಗಿ ಕೂತೆ.

"ಅಜ್ಜಿ, ಒಂದು ಕೈ ನಿಮ್ಮದು. ಎಷ್ಟು ಬೇಕಾದರೂ ಎಣ್ಣೆ ಹಚ್ಚಿ. ಇನ್ನೊಂದು ಒಂದೇ ಒಂದು ದಿನದ ಮಟ್ಟಿಗೆ ನಮ್ಮದು. ಅಳತೆ ಮುಗಿದ ಕೂಡಲೇ ಅದಕ್ಕೂ ಔಷಧಿ ನಾವೇ ಹಚ್ಚಿ ಕಳಿಸುತ್ತೇವೆ."

ಅಜ್ಜಿ ಎಲೆಗೆ ಸುಣ್ಣ ಸವರುತ್ತ ಕೇಳಿದರು: "ಯಾವ ಕೈ ನಂದು?"

ಯಾವ ಕೈ ಯಾರಿಗೆ ಎಂದು ಚೀಟಿ ಎತ್ತಿ ನಿರ್ಧರಿಸಬೇಕು, ಇಲ್ಲದಿದ್ದರೆ ಎಡಬಲದ ವ್ಯತ್ಯಾಸ ಲೆಕ್ಕದಲ್ಲಿ ಸೇರಿಬಿಡುತ್ತದೆ ಎಂದು ಡಾಕ್ಟರು ನನಗೆ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ನಾನು ಚೀಟಿಯ ಮಾತೆತ್ತಿದೆ.

"ಬಲಗೈ ನಂದು," ಎಂದರು ಅಜ್ಜಿ. "ಉಣ್ಣೋ ಕೈ ಕಣವ್ವ ಅದು. ಅದನ್ನ ಒಣಗಿಸ್ಬಾರ್ದು. ಎಡಗೈ ನೀವ್ ಇಟ್ಕೊಳಿ."

ಊರಿಗೆ ಊರೇ ಹಾಗೆ ತೀರ್ಮಾನ ಮಾಡಿತು. ಕೊನೆಗೆ ಡಾಕ್ಟರು ತಮ್ಮ ಬರವಣಿಗೆಯಲ್ಲಿ ಇದನ್ನೊಂದು ಕೊರತೆ ಎಂದು ಒಪ್ಪಿಕೊಳ್ಳಬೇಕಾಯಿತು. ಆದರೆ ಮಕ್ಕಳು ಬಂದರು. ಬಲಗೈ ಮಿರಮಿರ, ಎಡಗೈ ಬೂದಿ. ಹುಳದ ಮನೆಯ ಮುಂದೆ ಅಜ್ಜಿಯರು ಸಾಲಾಗಿ ಕೂತು ಯಾರ ಮೊಮ್ಮಗುವಿನ ಬಲಗೈ ಹೆಚ್ಚು ಹೊಳೆಯುತ್ತದೆ ಎಂದು ನೋಡಿಕೊಳ್ಳುತ್ತಿದ್ದರು. ಆ ವಾರಗಳಷ್ಟು ಸಂತೋಷವಾಗಿ ನಾನು ಮತ್ತೆಂದೂ ಕೆಲಸ ಮಾಡಿಲ್ಲ. ಒಳಗೆ ತಂಪು, ಯಂತ್ರದ ಅಂಕಿ ಒಂದೇ ಕಡೆ ನಿಂತಿರುತ್ತಿತ್ತು, ಹೊರಗಿನಿಂದ ಎಲೆಯಡಿಕೆ ಕುಟ್ಟುವ ಸದ್ದು. ಮಧ್ಯಾಹ್ನ ಯಾರದೋ ಮನೆಯಿಂದ ಮುದ್ದೆ, ಉಪ್ಪೆಸರು ಬಂದಿರುತ್ತಿತ್ತು. ಸಂಜೆ ನರಸೀಪುರದಲ್ಲಿ ಐಸ್ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತರೆ, ಕಂಡಕ್ಟರ್ ಒಳಗಿರುವುದು ಮೀನಾ ಎಂದು ಕೇಳುತ್ತಿದ್ದ. ಚರ್ಮ ಎಂದು ಹೇಳಿದ ದಿನ ಪಕ್ಕದ ಸೀಟು ಖಾಲಿಯಾಯಿತು.

ಮೈಸೂರಿನ ಲ್ಯಾಬಿನಿಂದ ಫಲಿತಾಂಶ ಬರತೊಡಗಿತು. ಎಲ್ಲ ಮಕ್ಕಳದೂ ಒಂದೇ ಕತೆಯಾಗಿರಲಿಲ್ಲ. ಕೆಲವರಲ್ಲಿ ಪ್ರೋಟೀನು ಸಾಕಷ್ಟಿತ್ತು, ಇಸುಬಿಗೆ ಬೇರೆ ಕಾರಣವಿರಬೇಕು. ಅಜ್ಜಿಯ ಮೊಮ್ಮಗಳದು ಮಾತ್ರ ಎರಡೂ ಕೈಯಲ್ಲಿ ತೀರಾ ಕಡಿಮೆ. ಎಣ್ಣೆಯ ಕೈಯಿಂದ ಒಂದಿಷ್ಟು ಹೊತ್ತು ನೀರು ಹೋಗುವುದು ಕಡಿಮೆಯಾಗಿತ್ತು, ಅಷ್ಟೇ. ಚರ್ಮದೊಳಗೆ ಇರಬೇಕಾದದ್ದು ಇರಲಿಲ್ಲ. ಚರ್ಮ ಉರಿಯುತ್ತಿರುವ ಜಾಗದಲ್ಲಿ ಆ ಪ್ರೋಟೀನು ತಾನಾಗಿಯೇ ಕುಗ್ಗುತ್ತದೆ, ಅದಕ್ಕೇ ಉರಿಯಿಲ್ಲದ ಜಾಗದಿಂದ ಟೇಪು ತೆಗೆದಿದ್ದೆವು. ಅಲ್ಲೂ ಇಲ್ಲವೆಂದರೆ ಹುಟ್ಟಿನಿಂದಲೇ ಕಡಿಮೆಯಿರುವ ಸಾಧ್ಯತೆ ಹೆಚ್ಚು ಎಂದರು ಡಾಕ್ಟರು. ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಉಜ್ಜಿ ತೆಗೆದ ಮಾದರಿಯನ್ನು ಜೀನ್ ಪರೀಕ್ಷೆಗೆ ಕಳಿಸಿದರು. ಅದರ ಉತ್ತರ ಬರಲು ತಿಂಗಳುಗಳೇ ಬೇಕಿತ್ತು. ಡಾಕ್ಟರು ತಾಯಿ, ಮಗು ಇಬ್ಬರನ್ನೂ ಮೈಸೂರಿಗೆ ಕರೆಸಿ, ಮಗುವಿಗೆ ಆಹಾರದ ಅಲರ್ಜಿ ಇದೆಯೇ ಎಂದು ಪರೀಕ್ಷಿಸಿದರು. ಬೇಯಿಸಿದ ಮೊಟ್ಟೆಯನ್ನು ಗಂಜಿಯಲ್ಲಿ ನುರಿದು, ಚೂರು ಚೂರೇ ಹೆಚ್ಚಿಸುತ್ತ, ಪಕ್ಕದಲ್ಲೇ ಕೂತು ತಿನ್ನಿಸಿದರು. ಏನೂ ಆಗಲಿಲ್ಲ.

ಸುದ್ದಿ ಕೇಳಿ ಅಜ್ಜಿ, "ಆಸ್ಪತ್ರೇಲಿ ಅರಗ್ತದೆ. ಮನೇಲಿ ಅರಗಾಕಿಲ್ಲ," ಎಂದರು. ಅಲ್ಲಿಗೆ ಮುಗಿಯಿತು. ಮಗುವಿನ ತಟ್ಟೆಯಲ್ಲಿ ಅದೇ ಅನ್ನ, ಅದೇ ತಿಳಿಸಾರು. ಡಾಕ್ಟರ ಮುಲಾಮನ್ನು ಎಡಗೈಗೆ ಮಾತ್ರ ಹಚ್ಚುತ್ತಿದ್ದರು, ಅದೂ ನಾನು ಇದ್ದಾಗ. ನಾವು ಜಾಗ ಖಾಲಿ ಮಾಡಿದ ಮೇಲೆ ಆ ಮಗು ಇದೇ ತೂಕದಲ್ಲಿ, ಇದೇ ಮೈಯಲ್ಲಿ ಉಳಿಯುತ್ತದೆ ಎಂದು ಯೋಚಿಸಿ ನನಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ.

ಚಾಕಿ ಬರಲು ಸ್ವಲ್ಪವೇ ದಿನ ಉಳಿದಿದ್ದಾಗ ಅಜ್ಜಿ ಹುಳದ ಮನೆಯ ಸಾಮಾನು ಬಿಸಿಲಿಗೆ ಹಾಕುತ್ತಿದ್ದರು. ಎಳೆ ಹುಳುಗಳ ತಟ್ಟೆಯ ಮೇಲೆ ಹೊದಿಸುವ ಮೇಣದ ಕಾಗದದ ಸುರುಳಿಯನ್ನು ನನ್ನ ಕೈಗೆ ಕೊಟ್ಟು ಬಿಡಿಸಲು ಹೇಳಿದರು.

"ಇದ್ಯಾಕಜ್ಜಿ ಹೊದಿಸುವುದು?" ಎಂದು ಕೇಳಿದೆ. ಗೊತ್ತಿದ್ದೇ ಕೇಳಿದೆ.

"ಸೊಪ್ಪು ಒಣಗ್ಬಾರ್ದು ಅಂತ. ಪ್ಯಾರಾಪೀನ್ ಕಾಗ್ದ. ಒಣಗಿದ್ ಸೊಪ್ಪ ಎಳೇ ಉಳ ತಿನ್ನಾಕಿಲ್ಲ."

"ನಮ್ಮ ಮುಲಾಮಿನಲ್ಲಿರುವುದೂ ಅದೇ ಪ್ಯಾರಾಫಿನ್, ಅಜ್ಜಿ. ಮಗುವಿನ ಮೈ ಒಣಗುತ್ತಿರುವುದು ತಿಂದದ್ದರಿಂದಲ್ಲ. ಮೇಲೆ ಹೊದಿಸುವ ಕಾಗದ ಹುಟ್ಟುವಾಗಲೇ ತೆಳ್ಳಗೆ ಬಂದಿದೆ."

ಅಜ್ಜಿ ಸುರುಳಿಯ ಇನ್ನೊಂದು ತುದಿ ಹಿಡಿದಿದ್ದರು. "ಎಲ್ಲಿಂದ ಬಂತು ಅಂಗೆ?" ಎಂದರು. ಕೇಳಿದ್ದು ನನ್ನನ್ನಲ್ಲ, ಕಣ್ಣು ಅಂಗಳದಲ್ಲಿ ತಟ್ಟೆ ತೊಳೆಯುತ್ತಿದ್ದ ಸೊಸೆಯ ಕಡೆಗಿತ್ತು.

ಆಗಲೇ ನಾನು ಅಜ್ಜಿಯ ಅಂಗೈ ನೋಡಿದ್ದು. ಕಾಗದ ಹಿಡಿಯಲು ಅಗಲಿಸಿದ್ದರು. ಅಂಗೈ ತುಂಬ ಗೆರೆ. ಎಲ್ಲರಿಗೂ ಇರುವ ದೊಡ್ಡ ಗೆರೆಗಳ ಅಡಿಯಲ್ಲಿ, ಅಡ್ಡಡ್ಡಲಾಗಿ, ಹೆಬ್ಬೆರಳಿನ ಬುಡದವರೆಗೂ, ಬಿಸಿಲಿಗೆ ಒಣಗಿದ ಗದ್ದೆಯಂತೆ ಗೆರೆ. ಮಗುವಿನ ಅಂಗೈಯೂ ಹೀಗೆಯೇ ಇತ್ತು. ಈ ಪ್ರೋಟೀನು ಹುಟ್ಟಿನಿಂದ ಕಡಿಮೆಯಿರುವವರ ಅಂಗೈಯಲ್ಲಿ ಗೆರೆ ಹೆಚ್ಚಾಗಿರುತ್ತದೆ ಎಂದು ಡಾಕ್ಟರು ಮೊದಲ ವಾರವೇ ನನಗೆ ತೋರಿಸಿದ್ದರು. ತಾಯಿಯ ಅಂಗೈ ನುಣುಪಾಗಿತ್ತು. ತಂದೆ ಸದಾ ಸೊಪ್ಪಿನ ತೋಟದಲ್ಲಿರುತ್ತಿದ್ದರಿಂದ ಅವನ ಕೈ ಯಾರೂ ನೋಡಿರಲಿಲ್ಲ. ಅಜ್ಜಿಯ ಕೈ ನೋಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಈಗ ನಾನು ಬಾಯಿ ಬಿಟ್ಟರೆ ಸೊಸೆಯ ತಲೆ ಮೇಲಿನ ಭಾರ ಇಳಿಯುತ್ತದೆ, ಆದರೆ ಅದು ಅಜ್ಜಿಯ ತಲೆ ಮೇಲೆ ಹೋಗಿ ಕೂರುತ್ತದೆ. ನಿಮ್ಮಿಂದಲೇ ಬಂದದ್ದು ಎಂದು ಸಿಡುಕಿ ಹೇಳಲು ಬಾಯಿ ತುರಿಸುತ್ತಿತ್ತು. ಆ ಸೊಸೆಯ ತಟ್ಟೆ ಕಣ್ಣ ಮುಂದಿತ್ತು. ಆದರೆ ಹಿಂದಿನ ಸಲ ಬಾಯಿ ಬಿಟ್ಟದ್ದಕ್ಕೆ ಏನಾಯಿತೆಂದು ಗೊತ್ತಿತ್ತು. ಹೇಳುವುದು ಬೇಡ, ಕೇಳೋಣ ಎಂದುಕೊಂಡೆ.

"ಅಜ್ಜಿ, ಚಿಕ್ಕವರಿದ್ದಾಗ ನಿಮಗೆ ಮೈ ಕಡಿಯುತ್ತಿತ್ತಾ?"

ಅಜ್ಜಿ ಕಾಗದ ಅಲ್ಲಾಡದ ಹಾಗೆ ಅದರ ಮೇಲೊಂದು ಕಲ್ಲಿಟ್ಟರು.

"ಕಡೀತಿತ್ತು," ಎಂದರು. "ಚಳಿಗಾಲ ಬಂದ್ರೆ ರಕ್ತ ಬರೋಗಂಟ ಕೆರ್ಕೊತಿದ್ದೆ. ಈಗ್ಲೂ ಕಾಲು ಮೀನ್ ಪೊರೆ ಎದ್ದಂಗೆ ಏಳ್ತದೆ. ನಮ್ಮವ್ವ ಮೀನು ಮಾಡ್ದ್ ದಿನ ನನ್ನ ಅಟ್ಟಿಯಿಂದ ಆಚೆ ಕೂರಿಸ್ತಿದ್ಲು. ಮೊಟ್ಟೆ ಕಣ್ಣಲ್ ನೋಡ್ಬಾರ್ದು, ಬದ್ನೇಕಾಯಿ ಮುಟ್ಬಾರ್ದು. ಮದ್ವೆ ಆಗಿ ಈ ಮನೀಗ್ ಬಂದ್ಮೇಲೆ, ಇಲ್ಲಿ ಯಾರಿಗೂ ಗೊತ್ತಿರ್ಲಿಲ್ವಲ್ಲ, ಎಲ್ಲ ತಿಂದೆ."

"ಆಮೇಲೆ?"

"ಏನಾಗದು? ಏನೂ ಆಗ್ಲಿಲ್ಲ."

ಹೇಳಿದ ಮೇಲೆ ಆ ಮಾತು ಅವರಿಗೇ ಕೇಳಿಸಿತು ಎಂದು ಕಾಣುತ್ತದೆ. ಮಗು ಅಲ್ಲೇ ಕಲ್ಲಿನ ಮೇಲೆ ಕೂತು ಬಲಗೈಯ ಎಣ್ಣೆಗೆ ಮಣ್ಣು ಅಂಟಿಸಿಕೊಳ್ಳುತ್ತಿದ್ದಳು. ಅಜ್ಜಿ ಅವಳನ್ನು ಹತ್ತಿರ ಕರೆದು, ಅವಳ ಅಂಗೈ ಬಿಡಿಸಿ, ತಮ್ಮ ಅಂಗೈಯನ್ನು ಪಕ್ಕದಲ್ಲಿ ಹಿಡಿದರು. ನಾನು ಏನನ್ನೂ ತೋರಿಸಬೇಕಾಗಲಿಲ್ಲ.

"ನಂದೇ," ಎಂದರು.

"ಯಾರ ತಪ್ಪೂ ಅಲ್ಲ ಅಜ್ಜಿ," ಎಂದೆ. "ನೀವು ಬೇಕೆಂದು ಕೊಟ್ಟದ್ದಲ್ಲ. ಮೂಗು ಬಂದ ಹಾಗೆ, ಬಣ್ಣ ಬಂದ ಹಾಗೆ ಇದೂ ಬಂದಿದೆ. ಸೊಸೆ ತಿಂದದ್ದರಿಂದಂತೂ ಅಲ್ಲ."

ಅವರು ನನ್ನ ಕಡೆ ನೋಡದೆ ಎದ್ದು ಮನೆಯೊಳಗೆ ಹೋದರು. ನಾನು ಕೆಲಸ ಕೆಡಿಸಿದೆನೆಂದುಕೊಂಡು ಯಂತ್ರವನ್ನು ಪೆಟ್ಟಿಗೆಗೆ ಹಾಕತೊಡಗಿದೆ. ಅಂದು ಮತ್ತೆ ಅವರ ಮುಖ ಕಾಣಲಿಲ್ಲ.

ಚಾಕಿ ಬರುವ ದಿನ ಬೆಳಿಗ್ಗೆ ನಾನೂ ಡಾಕ್ಟರೂ ಉಳಿದ ಸಾಮಾನು ತೆಗೆದುಕೊಳ್ಳಲು ಹೋದೆವು. ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಮುಂದೆ ಬಿಸಿನೀರಿನ ಪಾತ್ರೆ, ಅದರಲ್ಲಿ ಎರಡು ಮೊಟ್ಟೆ. ಒಂದನ್ನು ತೆಗೆದು ಆ ಗೆರೆಗೆರೆಯ ಅಂಗೈಯಲ್ಲಿ ಉರುಳಿಸಿ, ಸಿಪ್ಪೆ ಸುಲಿದು, ನಡುವೆ ಮುರಿದು ಮಗುವಿನ ಕೈಯಲ್ಲಿಟ್ಟರು. ಮಗು ತಿನ್ನಲಿಲ್ಲ. ಒಳಗಿನ ಹಳದಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, ಇದೇನಾ ಎಂಬಂತೆ ಹುಬ್ಬೇರಿಸಿದಳು. ನಾನು ತಲೆಯಾಡಿಸಿದೆ.

ಅಜ್ಜಿ ಎರಡನೆಯದನ್ನೂ ಸುಲಿದರು. ಅದೂ ಮಗುವಿಗೇ ಎಂದುಕೊಂಡೆ. ಒಲೆಯ ಮುಂದಿದ್ದ ಸೊಸೆಯನ್ನು ಕೂಗಿ, ಅವಳು ಬಂದಾಗ ಮುಖ ನೋಡದೆ ಅವಳ ಕಡೆ ಕೈ ಚಾಚಿದರು.

"ತಕ್ಕೊ. ತಿನ್ನು," ಎಂದರು. "ಆರಿ ಓಗ್ತದೆ."

ಸೊಸೆ ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಗೋಡೆಯ ಕಡೆ ತಿರುಗಿ ತಿಂದಳು. ಅವಳ ಬೆನ್ನು ಅಲುಗುತ್ತಿತ್ತು. ಡಾಕ್ಟರು ಇದ್ದಕ್ಕಿದ್ದಂತೆ ಐಸ್ ಪೆಟ್ಟಿಗೆಯ ಬೀಗ ಸರಿಪಡಿಸಲು ಬಗ್ಗಿದರು. ನಾನು ಹೊರಗೆ ಬಂದು ಹೊಂಗೆ ಮರದ ಕೆಳಗೆ ನಿಂತು ಚೆನ್ನಾಗಿ ಅತ್ತೆ.

ಜೀನ್ ಪರೀಕ್ಷೆಯ ಉತ್ತರ ಬಂದಾಗ ಆ ಮನೆಯಲ್ಲಿ ಯಾರಿಗೂ ಅದರ ಅಗತ್ಯವಿರಲಿಲ್ಲ. ಮಗುವಿನ ತೂಕದ ಮುಳ್ಳು ಸರಿಯಿತು. ಇಸುಬು ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲ. ಹುಟ್ಟಿನಿಂದ ಇಲ್ಲದ ಪ್ರೋಟೀನನ್ನು ಮುಲಾಮು ತಂದುಕೊಡುವುದಿಲ್ಲ, ಅದರ ಬದಲಿಗೆ ದಿನವೂ ನಿಂತು ಕೆಲಸ ಮಾಡುತ್ತದೆ, ಅಷ್ಟೇ. ಆ ಹಳೆಯ ಹುಳದ ಮನೆಯಲ್ಲಿ ಈಗ ಗೊಬ್ಬರದ ಚೀಲ ಇಡುತ್ತಾರೆ. ಹುಳುಗಳಿಗೆ ಹೊಸ ಶೆಡ್ಡು ಬಂದಿದೆ. ಅಜ್ಜಿ ತೀರಿಕೊಂಡ ವಿಷಯ ಅಕ್ಕ ಫೋನು ಮಾಡಿ ತಿಳಿಸಿದರು. ಆ ಕಡೆ ಹೋಗುವ ಬಸ್ಸು ಕಂಡಾಗಲೆಲ್ಲ ಮಡಿಲಲ್ಲಿ ಐಸ್ ಪೆಟ್ಟಿಗೆಯ ತಂಪು ತಗುಲಿದ ಹಾಗಾಗುತ್ತದೆ.

ಈಚೆಗೆ ಚಳಿಗಾಲದಲ್ಲಿ ಆ ಹುಡುಗಿ ತಾಯಿಯ ಜೊತೆ ನಮ್ಮ ಆಸ್ಪತ್ರೆಗೆ ಬಂದಿದ್ದಳು. ಹೈಸ್ಕೂಲು, ನನ್ನಷ್ಟೇ ಎತ್ತರ. ಟೇಪು ತೆಗೆಯಬೇಕಿತ್ತು. ಹಳೆಯ ರೂಢಿಯಲ್ಲಿ ಎಡಗೈ ಹಿಡಿದೆ; ಬಿಲ್ಲೆ ಚೆನ್ನಾಗಿ ಅಂಟಿತು. ಹೋಲಿಸಿ ನೋಡೋಣವೆಂದು ಬಲಗೈಗೆ ಇನ್ನೊಂದು ಒತ್ತಿದೆ. ಜಾರಿತು. ಮೂಗಿನ ಹತ್ತಿರ ಹಿಡಿಯಬೇಕಾಗಲಿಲ್ಲ, ಹರಳೆಣ್ಣೆಯ ವಾಸನೆ ಆಗಲೇ ಬಂದಿತ್ತು.

"ಯಾರಮ್ಮ ಇದು ಹಚ್ಚಿದ್ದು?" ಎಂದು ಕೇಳಿದೆ.

ಹುಡುಗಿ ನಕ್ಕು ತಾಯಿಯನ್ನು ತೋರಿಸಿದಳು. ತಾಯಿ ಸೆರಗಿನ ತುದಿಯಿಂದ ಮಗಳ ಬಲಗೈ ಒರೆಸುತ್ತ, ನಾಚಿಕೊಂಡು ಹೇಳಿದಳು:

"ಇದು ಅತ್ತೆ ಕೈ ಅಲ್ವಾ ಮೇಡಂ, ಒಣಗಿಸ್ಬಾರ್ದು."